ಟೋಪಿ ತೆಗೆಯದ ಮೋಚಿ: ಬಾಸ್ಟನ್ನಿನ ಜಾರ್ಜ್ ಹ್ಯೂಸ್ ಕಥೆ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಬಾಸ್ಟನ್ ಅಂತ ಒಂದು ಬಂದರು ಪಟ್ಟಣ. ಸುಮಾರು 260 ವರ್ಷಗಳ ಹಿಂದೆ, ಒಂದು ಹೊಸ ವರ್ಷದ ದಿನ, ಅಲ್ಲಿನ ಸಿರಿವಂತ ವ್ಯಾಪಾರಿ ಮನೆತನದ ಜಾನ್ ಹ್ಯಾನ್‌ಕಾಕ್‌ನ ಬಂಗಲೆಗೆ ಒಬ್ಬ ಹುಡುಗ ಬಂದ. ವಯಸ್ಸು ಇಪ್ಪತ್ತರ ಆಸುಪಾಸು. ತುಂಬಾ ಕುಳ್ಳ. ಕಸುಬು ಬೂಟು ಹೊಲಿಯುವುದು. ಹ್ಯಾನ್‌ಕಾಕ್‌ನ ಒಂದು ಬೂಟನ್ನು ಅವನು ಚೆನ್ನಾಗಿ ರಿಪೇರಿ ಮಾಡಿಕೊಟ್ಟಿದ್ದ. ಖುಷಿಯಾದ ಹ್ಯಾನ್‌ಕಾಕ್, ಹೊಸ ವರ್ಷದ ದಿನ ಮನೆಗೆ ಬಾ ಅಂದಿದ್ದ.

ಹುಡುಗ ಮೈ ಕೈ ತೊಳೆದು, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋದ. ಒಳಗೆ ಹೋದ ಮೇಲೆ ಜೀವ ಬಾಯಿಗೆ ಬಂದಂತಾಯಿತು. ನಡುಗುತ್ತಲೇ ಹೊಸ ವರ್ಷದ ಶುಭಾಶಯ ಹೇಳಿದ. ಹ್ಯಾನ್‌ಕಾಕ್ ಅವನನ್ನು ಕೂರಿಸಿ, ಅವನ ಜೊತೆ ಒಂದು ಲೋಟ ವೈನ್ ಕುಡಿದು, ಕೈಗೆ ಒಂದು ಬೆಳ್ಳಿ ನಾಣ್ಯ ಇಟ್ಟು ಕಳಿಸಿದ. ಹುಡುಗ ಆ ದಿನವನ್ನು ಸಾಯುವ ತನಕ ಮರೆಯಲಿಲ್ಲ.

ಈಗ ಸುಮಾರು ಹದಿನೈದು ವರ್ಷ ಮುಂದಕ್ಕೆ ಹೋಗೋಣ. ಅದೇ ಮನುಷ್ಯ ಯುದ್ಧಹಡಗು ಹತ್ತಲು ಸಿದ್ಧನಾಗಿದ್ದ. ಬೀದಿಯಲ್ಲಿ ಹಡಗಿನ ಅಧಿಕಾರಿಯೊಬ್ಬ ಎದುರಾಗಿ, ನನ್ನನ್ನು ಕಂಡಾಗ ಟೋಪಿ ತೆಗೆಯಬೇಕು ಅಂದ. ಯಾವ ಮನುಷ್ಯನ ಮುಂದೆಯೂ ನಾನು ಟೋಪಿ ತೆಗೆಯುವುದಿಲ್ಲ ಅಂತ ಇವನು ಆ ಹಡಗನ್ನೇ ಬಿಟ್ಟು ಬೇರೆ ಹಡಗು ಹತ್ತಿದ.

ಅವನು ಬಿಟ್ಟ ಹಡಗಿನ ಹೆಸರು 'ಹ್ಯಾನ್‌ಕಾಕ್'.

ಈ ಮನುಷ್ಯನ ಹೆಸರು ಜಾರ್ಜ್ ರಾಬರ್ಟ್ ಟ್ವೆಲ್ವ್ಸ್ ಹ್ಯೂಸ್. ನಡುಗುತ್ತ ನಿಂತಿದ್ದ ಹುಡುಗ ಟೋಪಿ ತೆಗೆಯದ ಗಂಡಸಾಗಿದ್ದು ಹೇಗೆ, ಅದರಿಂದ ಅವನಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನುವುದೇ ಈ ಲೇಖನ.

ಉಳಿ, ರಂಪಿಗೆ ಮತ್ತು ಸಾಲ

ಹ್ಯೂಸ್ ಹುಟ್ಟಿದ್ದು 1742ರ ಆಗಸ್ಟ್‌ನಲ್ಲಿ. ಆಗ ಅಮೆರಿಕ ಅಂತ ಒಂದು ದೇಶವೇ ಇರಲಿಲ್ಲ. ಪೂರ್ವ ಕರಾವಳಿ ಉದ್ದಕ್ಕೂ ಬ್ರಿಟಿಷರ ವಸಾಹತುಗಳಿದ್ದವು. ಬಾಸ್ಟನ್ ಇದ್ದದ್ದು ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ. ಊರಿನ ಜನಸಂಖ್ಯೆ ಸುಮಾರು 16 ಸಾವಿರ, ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹೋಬಳಿ ಊರಿನಷ್ಟು.

ಅಪ್ಪ ಪ್ರಾಣಿಕೊಬ್ಬಿನಿಂದ ಸೋಪು, ಮೇಣದಬತ್ತಿ ಮಾಡುವ ಕೆಲಸದವನು. ಒಂಬತ್ತು ಮಕ್ಕಳಲ್ಲಿ ಹ್ಯೂಸ್ ಆರನೆಯವನು. ಅವನಿಗೆ ಏಳು ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡ. ಹದಿನಾಲ್ಕಕ್ಕೆ ಹುಡುಗನನ್ನು ಬೂಟು ಹೊಲಿಯುವವನೊಬ್ಬನ ಬಳಿ ಕರಾರು ಮಾಡಿ ಬಿಟ್ಟರು. ಆ ಕಾಲದ ಕರಾರು ಎಂದರೆ ಇಪ್ಪತ್ತೊಂದು ವರ್ಷ ತುಂಬುವ ತನಕ ಯಜಮಾನನ ಮನೆಯಲ್ಲೇ ಊಟ, ಅಲ್ಲೇ ನಿದ್ದೆ, ಸಂಬಳವಿಲ್ಲದ ಕೆಲಸ. ಬದಲಿಗೆ ಕಸುಬು ಕಲಿಸಿಕೊಡಬೇಕು.

ಎಲ್ಲ ಕಸುಬಿಗೂ ಒಂದೇ ಬೆಲೆ ಇರಲಿಲ್ಲ. ಬೆಳ್ಳಿ ಕೆಲಸದವರು, ಹಡಗು ಕಟ್ಟುವವರು ಚೆನ್ನಾಗಿದ್ದರು. ಬೂಟು ಹೊಲಿಯುವುದಕ್ಕೆ ಹೆಚ್ಚು ಬಂಡವಾಳ ಬೇಡ. ಉಳಿ, ರಂಪಿಗೆ, ಒಂದಿಷ್ಟು ಚರ್ಮ, ಕೂರಲು ಒಂದು ಮೂಲೆ ಇದ್ದರೆ ಸಾಕು. ಹಾಗಾಗಿ ಕೈಯಲ್ಲಿ ಏನೂ ಇಲ್ಲದ ಮನೆಯ ಹುಡುಗರೇ ಅದಕ್ಕೆ ಬರುತ್ತಿದ್ದರು. ತೆರಿಗೆ ಪಟ್ಟಿಯಲ್ಲಿ ಮೋಚಿಗಳು ಕೆಳಗಿನ ಸಾಲಿನಲ್ಲೇ ಇರುತ್ತಿದ್ದರು. ಅಲ್ಲಿ ಇದು ಹುಟ್ಟಿನಿಂದ ಬರುವ ಕಸುಬಾಗಿರಲಿಲ್ಲ, ಆದರೆ ಬಡತನದಿಂದ ಬರುವ ಕಸುಬಾಗಿತ್ತು.

ಹ್ಯೂಸ್‌ಗೆ ಈ ಕೆಲಸದಲ್ಲಿ ಮನಸ್ಸಿರಲಿಲ್ಲ. ಫ್ರೆಂಚರ ಮೇಲೆ ಬ್ರಿಟಿಷರು ಯುದ್ಧ ಮಾಡುತ್ತಿದ್ದಾಗ ಸೈನ್ಯಕ್ಕೆ ಸೇರಲು ಹೋದ. ಅವನ ಎತ್ತರ 5 ಅಡಿ 1 ಇಂಚು. ಎತ್ತರ ಸಾಲದು ಅಂತ ವಾಪಸು ಕಳಿಸಿದರು. ಮೋಚಿ ಸುಮ್ಮನೆ ಬಿಡುತ್ತಾನೆಯೇ? ಬೂಟಿನ ಹಿಮ್ಮಡಿ ಎತ್ತರಿಸಿ, ಕಾಲುಚೀಲದೊಳಗೆ ಚಿಂದಿ ತುರುಕಿಕೊಂಡು ಮತ್ತೆ ಹೋದ. ಅಳೆಯುವವನಿಗೆ ಗೊತ್ತಾಗಿಬಿಟ್ಟಿತು. ಮತ್ತೆ ವಾಪಸು.

1768ರಲ್ಲಿ ಮದುವೆ. ಹುಡುಗಿ ಸ್ಯಾಲಿ ಸಮ್ನರ್. ಅವಳ ಅಪ್ಪ ಚರ್ಚಿನ ಗಂಟೆ ಬಾರಿಸುವ, ಕಸ ಗುಡಿಸುವ ಕೆಲಸದವನು. ಅಮ್ಮ, ಮಗಳು ಊರವರ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕೊಡುವ ನೆಪದಲ್ಲೇ ಹ್ಯೂಸ್ ಅವಳನ್ನು ನೋಡಲು ಹೋಗುತ್ತಿದ್ದ. ಸ್ಯಾಲಿಗೆ ಓದು ಬರಹ ಬರುತ್ತಿರಲಿಲ್ಲ. ಇಬ್ಬರಿಗೂ ಮುಂದೆ ಹದಿನೈದು ಮಕ್ಕಳಾದವು. ಹನ್ನೊಂದನೆಯ ಮಗುವಿಗೆ 'ಇಲೆವೆನ್' ಅಂತಲೇ ಹೆಸರು. ಹದಿನೈದನೆಯವನ ಹೆಸರಿನಲ್ಲಿ 'ಫಿಫ್ಟೀನ್'. ಬಡತನದಲ್ಲೂ ಮನುಷ್ಯನಿಗೆ ತಮಾಷೆ ಇತ್ತು.

ದುಡಿಮೆ ಮಾತ್ರ ಸಾಲುತ್ತಿರಲಿಲ್ಲ. 1770ರಲ್ಲಿ ದರ್ಜಿಯೊಬ್ಬನಿಗೆ ಒಂದು ಜೊತೆ ಬಟ್ಟೆಯ ಬಾಕಿ ಕೊಡಲಾಗದೆ ಹ್ಯೂಸ್ ಜೈಲಿಗೆ ಹೋದ. ಸಾಲ ತೀರಿಸದವರನ್ನು ಜೈಲಿಗೆ ಹಾಕುವುದು ಆಗಿನ ಕಾನೂನು. ಬಾಕಿ ಇದ್ದದ್ದು ಆರೂವರೆ ಪೌಂಡಿಗಿಂತ ಕಡಿಮೆ.

ಬೀದಿಗೆ ಬಂದ ಸಿಪಾಯಿಗಳು

ಹ್ಯೂಸ್ ಮದುವೆಯಾದ ವರ್ಷವೇ, 1768ರ ಅಕ್ಟೋಬರ್‌ನಲ್ಲಿ, ಬ್ರಿಟಿಷ್ ಸೈನ್ಯ ಬಾಸ್ಟನ್ನಿಗೆ ಬಂದಿಳಿಯಿತು. ಲಂಡನ್ನಿನ ಪಾರ್ಲಿಮೆಂಟು ವಸಾಹತುಗಳ ಮೇಲೆ ಹೊಸ ಹೊಸ ತೆರಿಗೆ ಹಾಕುತ್ತಿತ್ತು. ಆ ಪಾರ್ಲಿಮೆಂಟಿನಲ್ಲಿ ವಸಾಹತಿನವರ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ನಮ್ಮನ್ನು ಕೇಳದೆ ನಮ್ಮ ಮೇಲೆ ತೆರಿಗೆ ಹಾಕಬೇಡಿ ಅಂತ ಬಾಸ್ಟನ್ ಜನ ಗಲಾಟೆ ಎಬ್ಬಿಸಿದ್ದರು. ಅದನ್ನು ಹತ್ತಿಕ್ಕಲು ಸೈನ್ಯ ಬಂತು.

ತೆರಿಗೆ ಜಗಳ ವ್ಯಾಪಾರಿಗಳದ್ದು, ವಕೀಲರದ್ದು. ಹ್ಯೂಸ್‌ನಂಥವರ ಪಾಲಿಗೆ ಜಗಳ ಶುರುವಾದದ್ದು ಬೀದಿಯಲ್ಲಿ. ರಾತ್ರಿ ಮನೆಗೆ ಹೋಗುವಾಗ ಕಾವಲಿನ ಸಿಪಾಯಿ ತಡೆದು ಯಾರು ನೀನು ಅಂತ ಕೇಳುತ್ತಿದ್ದ. ಬಿಡುವಿನ ವೇಳೆಯಲ್ಲಿ ಸಿಪಾಯಿಗಳು ಕಡಿಮೆ ಕೂಲಿಗೆ ಕೆಲಸಕ್ಕೆ ಹೋಗುತ್ತಿದ್ದರು, ಅದರಿಂದ ಊರ ಕೂಲಿಗಳ ಹೊಟ್ಟೆಗೆ ಹೊಡೆತ.

ಒಂದು ದಿನ ಸಿಪಾಯಿಯೊಬ್ಬ ಬಂದು, ಕ್ಯಾಪ್ಟನ್ ಪ್ರೆಸ್ಟನ್ ಹೇಳಿದ್ದಾರೆ ಅಂತ ಸುಳ್ಳು ಹೇಳಿ ಒಂದು ಜೊತೆ ಬೂಟು ಒಯ್ದ. ದುಡ್ಡು ಕೊಡಲಿಲ್ಲ. ಹ್ಯೂಸ್ ನೇರವಾಗಿ ಕ್ಯಾಪ್ಟನ್ ಬಳಿ ದೂರು ಕೊಟ್ಟ. ವಿಚಾರಣೆಯಾಯಿತು. ಸಿಪಾಯಿಗೆ 300 ಛಡಿಯೇಟಿನ ಶಿಕ್ಷೆ ವಿಧಿಸಿದರು. ಹ್ಯೂಸ್‌ಗೆ ದಿಗಿಲಾಯಿತು. ಒಂದು ಜೊತೆ ಬೂಟಿಗೆ ಇಷ್ಟು ಕ್ರೂರ ಶಿಕ್ಷೆ ಅಂತ ಗೊತ್ತಿದ್ದರೆ ದೂರೇ ಕೊಡುತ್ತಿರಲಿಲ್ಲ ಅಂತ ಮುಂದೆ ಹೇಳಿಕೊಂಡ. ಈ ಗುಣವನ್ನು ನೆನಪಿಡಿ. ಮುಂದೆ ಮತ್ತೊಮ್ಮೆ ಕಾಣುತ್ತದೆ.

1770ರ ಮಾರ್ಚ್ 5ರ ರಾತ್ರಿ. ನೆಲದ ಮೇಲೆ ಹಿಮ. ಕಸ್ಟಮ್ಸ್ ಕಚೇರಿ ಮುಂದಿನ ಕಾವಲುಗಾರನಿಗೂ ಹುಡುಗರಿಗೂ ಜಗಳ ಹತ್ತಿ ಜನ ಸೇರಿದರು. ಹ್ಯೂಸ್ ಬರಿಗೈಯಲ್ಲಿ ಅಲ್ಲಿಗೆ ಹೋದ. ಕ್ಯಾಪ್ಟನ್ ಪ್ರೆಸ್ಟನ್ ಕೆಲವು ಸಿಪಾಯಿಗಳ ಜೊತೆ ಬಂದ. ಹಿಮದ ಉಂಡೆಗಳು, ಬೈಗುಳ, ದೊಣ್ಣೆ. ಕೊನೆಗೆ ಗುಂಡು ಹಾರಿತು. ಐವರು ಸತ್ತರು.

ಮೊದಲು ಬಿದ್ದವರಲ್ಲಿ ಒಬ್ಬ ಕ್ರಿಸ್ಪಸ್ ಆಟಕ್ಸ್, ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದ ನಾವಿಕ. ಇನ್ನೊಬ್ಬ ಹಗ್ಗ ಹೊಸೆಯುವವನು. ಮತ್ತೊಬ್ಬ ಹದಿನೇಳರ ಹುಡುಗ. ಹಡಗಿನ ಕೆಲಸಗಾರ ಜೇಮ್ಸ್ ಕಾಲ್ಡ್‌ವೆಲ್ ಗುಂಡು ತಗುಲಿ ಬೀಳುವಾಗ ಹ್ಯೂಸ್‌ನ ತೋಳಿಗೇ ಬಿದ್ದ. ಸತ್ತ ಐವರಲ್ಲಿ ನಾಲ್ವರನ್ನು ಹ್ಯೂಸ್ ಬಲ್ಲವನಾಗಿದ್ದ. ಸತ್ತವರೆಲ್ಲ ದುಡಿದು ತಿನ್ನುವವರೇ.

ಆ ಘಟನೆಯ ಬಗ್ಗೆ ಸಾಕ್ಷಿ ಹೇಳಿದವರಲ್ಲಿ ಹ್ಯೂಸ್ ಕೂಡ ಒಬ್ಬ. ಅವನ ಹೇಳಿಕೆ 1770ರಲ್ಲೇ ಬರಹದಲ್ಲಿ ದಾಖಲಾಯಿತು. ಈ ಕಾಗದ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಚಹಾ ಪೆಟ್ಟಿಗೆ ಹಿಂದೆ ನಮ್ಮ ಕಡೆಯ ಕಥೆ

ಮುಂದಿನ ಘಟನೆ ಜಗತ್ತಿಗೇ ಗೊತ್ತು: ಬಾಸ್ಟನ್ ಟೀ ಪಾರ್ಟಿ. ಅದಕ್ಕೆ ಮೊದಲು ಆ ಚಹಾ ಅಲ್ಲಿಗೆ ಹೇಗೆ ಬಂತು ಅಂತ ನೋಡಬೇಕು. ಯಾಕೆಂದರೆ ಆ ದಾರಿ ನಮ್ಮ ನೆಲವನ್ನು ಮುಟ್ಟಿ ಹೋಗಿದೆ.

ಚಹಾ ಚೀನಾದ್ದು. ಮಾರುತ್ತಿದ್ದದ್ದು ಈಸ್ಟ್ ಇಂಡಿಯಾ ಕಂಪನಿ. ಹೌದು, ಅದೇ ಕಂಪನಿ. 1765ರಲ್ಲಿ ಬಂಗಾಳದ ಕಂದಾಯ ವಸೂಲಿ ಹಕ್ಕು ಕಂಪನಿಯ ಕೈಗೆ ಬಂದಿತ್ತು. ಲಂಡನ್ನಿನಲ್ಲಿ ಅದರ ಷೇರಿನ ಬೆಲೆ ಏರುತ್ತಾ ಹೋಯಿತು. 1769ರಲ್ಲಿ ಮೈಸೂರಿನ ಹೈದರಾಲಿಯ ಸೈನ್ಯ ಮದ್ರಾಸಿನ ಬಾಗಿಲಿಗೆ ಬಂದು ನಿಂತಿತು. ಹೈದರನ ದಾಳಿಯ ಸುದ್ದಿ ಲಂಡನ್ ತಲುಪಿದಾಗ ಷೇರು ಕುಸಿಯಿತು. ಅದರ ಬೆನ್ನಿಗೇ ಬಂಗಾಳದ ಭೀಕರ ಕ್ಷಾಮ. ಲಕ್ಷ ಲಕ್ಷ ಜನ ಹಸಿವಿನಿಂದ ಸತ್ತರೂ ಕಂದಾಯ ವಸೂಲಿ ನಿಲ್ಲಲಿಲ್ಲ. 1772ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂದು ಸರ್ಕಾರದ ಮುಂದೆ ಸಾಲಕ್ಕೆ ಕೈಚಾಚಿತು.

ಕಂಪನಿಯ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಅದನ್ನು ಖಾಲಿ ಮಾಡಿಸಲು 1773ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಕಂಪನಿ ತನ್ನ ಚಹಾವನ್ನು ತಾನೇ ಅಮೆರಿಕಕ್ಕೆ ಕಳಿಸಿ, ತಾನು ಆರಿಸಿದ ಏಜೆಂಟರ ಮೂಲಕ ಅಗ್ಗದಲ್ಲಿ ಮಾರಬಹುದು. ಒಂದು ಪೌಂಡ್ ತೂಕಕ್ಕೆ ಮೂರು ಪೆನ್ಸ್ ತೆರಿಗೆ ಮಾತ್ರ ಹಾಗೆಯೇ ಉಳಿಯಿತು.

ಬೆಲೆ ಇಳಿದರೆ ಜನ ಯಾಕೆ ಸಿಟ್ಟಾಗಬೇಕು ಅಂತ ನೀವು ಕೇಳಬಹುದು. ಒಂದು, ಅಗ್ಗದ ಚಹಾ ಕೊಂಡರೆ ಕೇಳದೆ ಹಾಕಿದ ತೆರಿಗೆಗೆ ಒಪ್ಪಿಕೊಂಡಂತೆ. ಎರಡು, ಇಂದು ಚಹಾ, ನಾಳೆ ಇನ್ನೊಂದು. ಒಂದೇ ಕಂಪನಿ ಎಲ್ಲ ವ್ಯಾಪಾರವನ್ನೂ ನುಂಗಿದರೆ ಊರಿನ ವ್ಯಾಪಾರಿ ಏನು ಮಾಡಬೇಕು? ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್ಸನ್ ಆ ವರ್ಷ ಬರೆದ ಪತ್ರದಲ್ಲಿ ಬಂಗಾಳದ ಕ್ಷಾಮವನ್ನೇ ಎತ್ತಿ ತೋರಿಸಿದ. ಆಹಾರ ದಾಸ್ತಾನು ಮಾಡಿ ಅಲ್ಲಿ ಜನರನ್ನು ಸಾಯಿಸಿದ ಕಂಪನಿ ಈಗ ನಮ್ಮ ಮೇಲೆ ಕಣ್ಣು ಹಾಕಿದೆ ಅನ್ನುವುದು ಅವನ ವಾದದ ತಿರುಳು.

1773ರ ಡಿಸೆಂಬರ್ 16

ಮೂರು ಹಡಗು ಬಂದವು: ಡಾರ್ಟ್‌ಮತ್, ಎಲಿನರ್, ಬೀವರ್. ಚಹಾ ಇಳಿಸಬೇಡಿ, ವಾಪಸು ಕಳಿಸಿ ಅಂತ ಜನ. ತೆರಿಗೆ ಕಟ್ಟದೆ ಹಡಗು ಹೊರಡಬಾರದು ಅಂತ ಗವರ್ನರ್. ಕೊನೆಯ ದಿನ ಚರ್ಚಿನ ಸಭೆಗೆ ಐದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಗವರ್ನರ್ ಒಪ್ಪಲಿಲ್ಲ ಅನ್ನುವ ಸುದ್ದಿ ಸಂಜೆ ಬಂತು. ಜನ ಹಡಗುಕಟ್ಟೆ ಕಡೆ ನಡೆದರು.

ಹ್ಯೂಸ್‌ಗೆ ಆಗ 31 ವರ್ಷ. ಕಮ್ಮಾರನ ಅಂಗಡಿಗೆ ಹೋಗಿ ಮುಖಕ್ಕೂ ಕೈಗೂ ಇದ್ದಿಲಪುಡಿ ಬಳಿದುಕೊಂಡ. ಗುರುತು ಸಿಗಬಾರದು ಅಂತ ಎಲ್ಲರೂ ಮೊಹಾಕ್ ಎಂಬ ಮೂಲನಿವಾಸಿಗಳ ವೇಷ ಹಾಕಿದ್ದರು. ಪಕ್ಕದಲ್ಲಿ ನಿಂತವನು ಯಾರು ಅಂತ ಕೇಳುವಂತಿರಲಿಲ್ಲ.

ಮೂರು ಹಡಗಿಗೆ ಮೂರು ತಂಡ. ಹ್ಯೂಸ್ ಇದ್ದ ತಂಡದ ನಾಯಕ ಲೆಂಡಲ್ ಪಿಟ್ಸ್, ವ್ಯಾಪಾರಿ ಮನೆತನದವನು. ಹ್ಯೂಸ್‌ಗೆ ಜೋರಾಗಿ ಸಿಳ್ಳೆ ಹೊಡೆಯುವ ವಿದ್ಯೆ ಇತ್ತು. ಆ ಒಂದು ಕಾರಣಕ್ಕೆ ಅವನನ್ನು ತಂಡದ ಮೇಸ್ತ್ರಿ ಮಾಡಿದರು. ಹಡಗಿನ ಕ್ಯಾಪ್ಟನ್ ಬಳಿ ಹೋಗಿ ಉಗ್ರಾಣದ ಕೀಲಿಕೈ, ಒಂದು ಡಜನ್ ಮೇಣದಬತ್ತಿ ತಾ ಅಂತ ಕೇಳಲು ಕಳಿಸಿದರು. ಕ್ಯಾಪ್ಟನ್ ಮರುಮಾತಾಡದೆ ಕೊಟ್ಟ, ಹಡಗಿಗೆ ಮಾತ್ರ ಏನೂ ಮಾಡಬೇಡಿ ಅಂತ ಕೇಳಿಕೊಂಡ.

ಸುಮಾರು ಮೂರು ಗಂಟೆ ಕೆಲಸ. ಪೆಟ್ಟಿಗೆ ಮೇಲೆತ್ತುವುದು, ಕೊಡಲಿಯಿಂದ ಒಡೆಯುವುದು, ನೀರಿಗೆ ಸುರಿಯುವುದು. ಒಟ್ಟು 342 ಪೆಟ್ಟಿಗೆ, ನಲವತ್ತು ಟನ್ನಿಗೂ ಹೆಚ್ಚು ಚಹಾ. ಸ್ವಲ್ಪ ದೂರದಲ್ಲೇ ಬ್ರಿಟಿಷ್ ಯುದ್ಧಹಡಗುಗಳಿದ್ದವು. ಯಾರೂ ತಡೆಯಲು ಬರಲಿಲ್ಲ.

ಚಹಾ ಹಾಳುಮಾಡಬಹುದು, ಕದಿಯುವಂತಿಲ್ಲ. ಇದು ನಿಯಮ. ಓ'ಕಾನರ್ ಎಂಬವನು ಕೋಟಿನ ಒಳಪದರಿನಲ್ಲಿ ಚಹಾ ತುಂಬಿಕೊಳ್ಳುತ್ತಿದ್ದುದನ್ನು ಹ್ಯೂಸ್ ನೋಡಿದ. ಅವನು ದಡಕ್ಕೆ ಹಾರುವಾಗ ಕೋಟಿನ ಅಂಚು ಹಿಡಿದು ಎಳೆದ, ಅಂಚು ಹರಿದು ಕೈಗೆ ಬಂತು. ಓಡಿ ಹೋಗುತ್ತಿದ್ದ ಕಳ್ಳನಿಗೆ ದಾರಿಯುದ್ದಕ್ಕೂ ಜನ ಒದ್ದರು.

ಬೆಳಗಾದಾಗ ನೀರಿನ ಮೇಲೆ ಚಹಾ ಇನ್ನೂ ತೇಲುತ್ತಿತ್ತು. ಕೆಲವರು ಸಣ್ಣ ದೋಣಿಗಳಲ್ಲಿ ಹೋಗಿ ಹುಟ್ಟಿನಿಂದ ಬಡಿದು ಮುಳುಗಿಸಿದರು.

ಹಣೆ ಮೇಲಿನ ಗಾಯ

ಐದು ವಾರ ಕಳೆದ ಮೇಲೆ, 1774ರ ಜನವರಿ 25ರಂದು, ಹ್ಯೂಸ್ ಬೀದಿಯಲ್ಲಿ ನಡೆದು ಹೋಗುತ್ತಿದ್ದ. ಜಾನ್ ಮಾಲ್ಕಮ್ ಎಂಬ ಕಸ್ಟಮ್ಸ್ ಅಧಿಕಾರಿ ಒಬ್ಬ ಪುಟ್ಟ ಹುಡುಗನ ಮೇಲೆ ಕೋಲೆತ್ತಿ ಬೈಯುತ್ತಿದ್ದ. ಹುಡುಗನನ್ನು ಹೊಡೆಯಬೇಡಿ ಅಂತ ಹ್ಯೂಸ್ ನಡುವೆ ಬಂದ. ದೊಡ್ಡ ಮನುಷ್ಯರ ಮಾತಿನ ಮಧ್ಯೆ ನಿನ್ನಂಥ ಅಲೆಮಾರಿ ಬಾಯಿ ಹಾಕಬಾರದು ಅಂತ ಮಾಲ್ಕಮ್ ಗದರಿದ. ಮಾಲ್ಕಮ್‌ಗೆ ಅದಕ್ಕೆ ಮೊದಲು ಒಮ್ಮೆ ಬೇರೆ ಊರಿನಲ್ಲಿ ಜನ ಟಾರು ಬಳಿದು ಹಕ್ಕಿಪುಕ್ಕ ಮೆತ್ತಿ ಮೆರವಣಿಗೆ ಮಾಡಿದ್ದರು. ಹ್ಯೂಸ್ ಅದನ್ನೇ ಎತ್ತಿ ಆಡಿದ: ನಾನು ಏನೇ ಆಗಿರಲಿ, ನನಗಂತೂ ಯಾರೂ ಟಾರು ಬಳಿದಿಲ್ಲ ಅಂದ.

ಮಾಲ್ಕಮ್ ಕೋಲಿನಿಂದ ಹಣೆಗೆ ಬಲವಾಗಿ ಹೊಡೆದ. ಹ್ಯೂಸ್ ಪ್ರಜ್ಞೆ ತಪ್ಪಿ ಬಿದ್ದ. ಡಾಕ್ಟರ್ ಜೋಸೆಫ್ ವಾರನ್ ಗಾಯಕ್ಕೆ ಪಟ್ಟಿ ಕಟ್ಟಿದ. ಹ್ಯೂಸ್ ಕೇಸು ಹಾಕಲು ಹೋದ. ಅಷ್ಟರಲ್ಲಿ ಜನ ಮಾಲ್ಕಮ್‌ನನ್ನು ಮನೆಯಿಂದ ಎಳೆತಂದಿದ್ದರು. ಕೊರೆಯುವ ಚಳಿಯಲ್ಲಿ ಬಟ್ಟೆ ಬಿಚ್ಚಿಸಿ, ಟಾರು ಸುರಿದು, ಪುಕ್ಕ ಮೆತ್ತಿ, ಗಾಡಿಯಲ್ಲಿ ಊರೆಲ್ಲ ಸುತ್ತಿಸಿ ಹೊಡೆದರು.

ಹ್ಯೂಸ್ ಇದನ್ನು ಮೆಚ್ಚಲಿಲ್ಲ. ತನ್ನ ತಲೆ ಒಡೆದವನಿಗೆ ಹೊದಿಸಲು ಕಂಬಳಿ ಹಿಡಿದು ಗಾಡಿಯ ಹಿಂದೆ ಓಡಿದ ಅಂತ ಅವನೇ ಹೇಳಿಕೊಂಡಿದ್ದಾನೆ. ಅವನಿಗೆ ಬೇಕಾಗಿದ್ದದ್ದು ನ್ಯಾಯ. ಮುನ್ನೂರು ಛಡಿಯೇಟಿನ ಸಿಪಾಯಿಯ ವಿಷಯದಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಹಣೆಯ ಕಲೆ ಕೊನೆ ತನಕ ಉಳಿಯಿತು.

ಊರಪಡೆಯ ಸಿಪಾಯಿ

ಚಹಾ ನಾಶಕ್ಕೆ ಶಿಕ್ಷೆಯಾಗಿ ಬ್ರಿಟಿಷ್ ಸರ್ಕಾರ 1774ರ ಜೂನ್ 1ರಿಂದ ಬಾಸ್ಟನ್ ಬಂದರನ್ನೇ ಮುಚ್ಚಿತು. ಹಡಗಿಲ್ಲದೆ ಕೆಲಸವಿಲ್ಲ. ಕೆಲಸವಿಲ್ಲದವರು ಬೂಟು ಎಲ್ಲಿಂದ ಹೊಲಿಸಿಯಾರು? 1775ರ ಏಪ್ರಿಲ್‌ನಲ್ಲಿ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಊರುಗಳಲ್ಲಿ ಗುಂಡು ಹಾರಿ ಯುದ್ಧ ಶುರುವಾಯಿತು. ಬಾಸ್ಟನ್ ಒಳಗೆ ಬ್ರಿಟಿಷರು, ಸುತ್ತಲೂ ಊರಪಡೆಗಳು. ಹೆಂಡತಿ ಮಕ್ಕಳು ರೆಂಥಮ್ ಎಂಬ ಹಳ್ಳಿ ಸೇರಿದ್ದರು. ಹ್ಯೂಸ್ ಮೀನು ಹಿಡಿಯುವ ನೆಪದಲ್ಲಿ ದೋಣಿ ಹತ್ತಿ ತಪ್ಪಿಸಿಕೊಂಡು ಅಲ್ಲಿಗೆ ಹೋದ. ಅವನು ಬಿಟ್ಟು ಬಂದ ಅಂಗಡಿಯನ್ನು ಬ್ರಿಟಿಷರು ಕೆಡವಿ ಸೌದೆ ಮಾಡಿಕೊಂಡರು.

ಊರಪಡೆ ಎಂದರೆ ಮಿಲಿಷಿಯಾ. ಇದು ಸಂಬಳದ ಕಾಯಂ ಸೈನ್ಯವಲ್ಲ. ಹದಿನಾರು ದಾಟಿದ ಗಂಡಸರ ಪಟ್ಟಿ ಪ್ರತಿ ಊರಿನಲ್ಲೂ ಇರುತ್ತಿತ್ತು. ಬಂದೂಕು ಅವರೇ ತರಬೇಕು. ಆಗಾಗ ಕವಾಯತು. ಕರೆ ಬಂದಾಗ ಊರು ಇಷ್ಟು ಜನ ಕೊಡಬೇಕು ಅಂತ ಲೆಕ್ಕ. ಒಂದು ತಿಂಗಳೋ ಮೂರು ತಿಂಗಳೋ ಹೋಗಿ, ಅವಧಿ ಮುಗಿದ ಮೇಲೆ ಮನೆಗೆ ಬಂದು ಹೊಲ ನೋಡಿಕೊಳ್ಳುವುದು, ಬೂಟು ಹೊಲಿಯುವುದು. ಜಾರ್ಜ್ ವಾಷಿಂಗ್ಟನ್‌ಗೆ ಈ ಪಡೆಗಳ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ತರಬೇತಿ ಸಾಲದು, ಸುಗ್ಗಿ ಬಂದರೆ ಊರಿಗೆ ಓಡುತ್ತಾರೆ ಅನ್ನುವ ದೂರಿತ್ತು. ಆದರೆ ಕರಾವಳಿ ಕಾಯುವುದು, ಹಳ್ಳಿಗಳಲ್ಲಿ ಬ್ರಿಟಿಷರಿಗೆ ಕಾಲೂರಲು ಬಿಡದಿರುವುದು ಇವರಿಂದಲೇ ಆದ ಕೆಲಸ. ಒಂದು ಕಾಲಕ್ಕೆ ಕುಳ್ಳ ಅಂತ ಸೈನ್ಯ ಬೇಡವೆಂದಿದ್ದ ಹ್ಯೂಸ್ 1776ರಿಂದ 1781ರ ನಡುವೆ ಹಲವು ಸಲ ಹೀಗೆ ಹೋಗಿ ಬಂದ.

ನಡುನಡುವೆ ಸಮುದ್ರಕ್ಕೂ ಹೋದ. ಆಗ ಖಾಸಗಿ ಯುದ್ಧಹಡಗುಗಳಿದ್ದವು. ಶತ್ರುವಿನ ಸರಕು ಹಡಗು ಹಿಡಿದರೆ ಮಾರಿ ಬಂದ ದುಡ್ಡಿನಲ್ಲಿ ಎಲ್ಲರಿಗೂ ಪಾಲು. ಮನೆ ತುಂಬ ಮಕ್ಕಳಿದ್ದವನಿಗೆ ಇದು ದೊಡ್ಡ ಆಸೆ. 1776ರಲ್ಲಿ 'ಡೈಮಂಡ್' ಎಂಬ ಅಂಥ ಹಡಗಿನಲ್ಲಿ ಹೋದ. ಮುಂದೆ ಅಧಿಕಾರಿಗೆ ಟೋಪಿ ತೆಗೆಯದೆ 'ಹ್ಯಾನ್‌ಕಾಕ್' ಬಿಟ್ಟವನು ಕನೆಕ್ಟಿಕಟ್ ಸರ್ಕಾರದ 'ಡಿಫೆನ್ಸ್' ಹಡಗು ಹತ್ತಿ ಏಳು ತಿಂಗಳಿಗೂ ಹೆಚ್ಚು ಕಾಲ ದುಡಿದ. ಶತ್ರು ಹಡಗುಗಳನ್ನೂ ಹಿಡಿದರು. ಆದರೆ ತನಗೆ ಬರಬೇಕಾದ ದುಡ್ಡು ಬರಲೇ ಇಲ್ಲ ಅಂತ ಮುದುಕನಾದಾಗಲೂ ಹೇಳುತ್ತಿದ್ದ.

ಹಡಗಿನ ಮಾತು ಬಂದಿದ್ದಕ್ಕೆ ಇನ್ನೊಂದು ಸಂಗತಿ. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಹಡಗೊಂದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು 'ಹೈದರ್ ಅಲಿ'. ಹ್ಯೂಸ್ ಆ ಹಡಗಿನಲ್ಲಿರಲಿಲ್ಲ. ಆದರೆ ಮೈಸೂರಿನಲ್ಲಿ ಅದೇ ಬ್ರಿಟಿಷರ ಮೇಲೆ ಯುದ್ಧ ಮಾಡುತ್ತಿದ್ದವನ ಹೆಸರು ಅಮೆರಿಕದ ಬಂದರುಗಳವರೆಗೂ ಹೋಗಿತ್ತು ಅನ್ನುವುದಕ್ಕೆ ಇದು ಸಾಕ್ಷಿ.

ಗೆದ್ದ ಮೇಲೆ

1783ರಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯ ಒಪ್ಪಿಕೊಂಡಿತು. ಹ್ಯಾನ್‌ಕಾಕ್ ಆಗ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದ. ಹ್ಯೂಸ್ ರೆಂಥಮ್‌ನಲ್ಲೇ ಉಳಿದು ಬೂಟು ಹೊಲಿದ.

ಯುದ್ಧಕಾಲದ ಕಾಗದದ ದುಡ್ಡು ಬೆಲೆ ಕಳೆದುಕೊಂಡಿತ್ತು. ಸಿಪಾಯಿಯಾಗಿ ಹೋಗಿ ಬಂದ ಎಷ್ಟೋ ರೈತರು ಸಾಲದಲ್ಲಿ ಮುಳುಗಿದರು. 1786ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರು ಸಾಲದ ಕೇಸು ನಡೆಸುವ ಕೋರ್ಟುಗಳಿಗೇ ಮುತ್ತಿಗೆ ಹಾಕಿದರು. ರಾಜ್ಯ ಸರ್ಕಾರ ಬಂದೂಕಿನಿಂದ ಅದನ್ನು ಅಡಗಿಸಿತು. 1780ರ ರಾಜ್ಯ ಸಂವಿಧಾನದಲ್ಲಿ ವೋಟು ಹಾಕಲು ಆಸ್ತಿ ಇರಬೇಕು ಅನ್ನುವ ಷರತ್ತು ಇತ್ತು. ಹೆಂಗಸರಿಗೆ ವೋಟಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಲಕ್ಷಾಂತರ ಕಪ್ಪು ಜನ ಗುಲಾಮರಾಗಿಯೇ ಉಳಿದರು. ಚಹಾ ಸುರಿಯುವವರು ಯಾರ ವೇಷ ಹಾಕಿದ್ದರೋ ಆ ಮೂಲನಿವಾಸಿಗಳು ನೆಲ ಕಳೆದುಕೊಳ್ಳುತ್ತಲೇ ಹೋದರು.

ಹ್ಯೂಸ್ ಮುದಿವಯಸ್ಸಿನಲ್ಲಿ ಮಕ್ಕಳ ಹಿಂದೆ ನ್ಯೂಯಾರ್ಕ್ ರಾಜ್ಯದ ರಿಚ್‌ಫೀಲ್ಡ್ ಸ್ಪ್ರಿಂಗ್ಸ್‌ಗೆ ಹೋದ. ಸ್ವಂತದ್ದು ಅನ್ನುವ ಆಸ್ತಿ ಆಗಲಿಲ್ಲ. 1828ರಲ್ಲಿ ಸ್ಯಾಲಿ ತೀರಿಕೊಂಡಳು, ಅರವತ್ತು ವರ್ಷ ಜೊತೆ ಬಾಳಿದವಳು. ಅವನು ಯುದ್ಧಕ್ಕೆ ಹೋದಾಗಲೆಲ್ಲ ಮನೆ ನಡೆಸಿದವಳು ಅವಳೇ. ಆದರೆ ಅವಳ ಮಾತನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

1832ರಲ್ಲಿ ಸರ್ಕಾರ ಹೊಸ ಪಿಂಚಣಿ ಕಾಯ್ದೆ ತಂದಿತು. ಕಾಯಂ ಸೈನ್ಯದವರ ಜೊತೆಗೆ ಆರು ತಿಂಗಳಾದರೂ ಸೇವೆ ಮಾಡಿದ ಊರಪಡೆಯವರಿಗೂ ಪಿಂಚಣಿ. ಹೆಚ್ಚಿನವರ ಬಳಿ ಕಾಗದಪತ್ರವಿರಲಿಲ್ಲ. ಹಾಗಾಗಿ ಕೋರ್ಟಿಗೆ ಬಂದು ಯಾವ ವರ್ಷ, ಯಾವ ಕ್ಯಾಪ್ಟನ್ ಕೈಕೆಳಗೆ, ಎಲ್ಲಿ ಸೇವೆ ಅಂತ ಬಾಯಲ್ಲೇ ಹೇಳಬೇಕು, ಗುಮಾಸ್ತ ಬರೆದುಕೊಳ್ಳಬೇಕು. ಸಾವಿರಾರು ಮುದುಕರು ಹೇಳಿದರು. ಪಿಂಚಣಿಗಾಗಿ ಬರೆದ ಆ ಕಾಗದಗಳೇ ಇಂದು ಸಾಮಾನ್ಯ ಸಿಪಾಯಿಯ ಬದುಕಿನ ದೊಡ್ಡ ದಾಖಲೆ. ಹ್ಯೂಸ್‌ಗೆ ಸಿಕ್ಕಿದ್ದು ವರ್ಷಕ್ಕೆ 60 ಡಾಲರ್.

ಯಾರೋ ಕೂತು ಕೇಳಿದ್ದರಿಂದ

ಹ್ಯೂಸ್ ತೊಂಬತ್ತು ದಾಟಿದ ಮೇಲೆ ಜೇಮ್ಸ್ ಹಾಕ್ಸ್ ಎಂಬವನು ಬಂದು ಅವನ ಕಥೆ ಕೇಳಿ 1834ರಲ್ಲಿ ಪುಸ್ತಕ ಮಾಡಿದ. ಮರುವರ್ಷ ಹ್ಯೂಸ್‌ನನ್ನು ಬಾಸ್ಟನ್ನಿಗೆ ಕರೆಸಿದರು. ಸಾಲಕ್ಕಾಗಿ ಜೈಲಿಗೆ ಹಾಕಿದ್ದ ಊರು ಈಗ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಅವನನ್ನು ಕೂರಿಸಿತು. ಕಲಾವಿದನೊಬ್ಬ ಚಿತ್ರ ಬರೆದು 'ಶತಾಯುಷಿ' ಅಂತ ಹೆಸರಿಟ್ಟ. ಬೆಂಜಮಿನ್ ಥ್ಯಾಚರ್ ಇನ್ನೊಂದು ಪುಸ್ತಕ ಬರೆದ. ಅಲ್ಲಿಯವರೆಗೆ ಜನ 'ಚಹಾ ನಾಶ' ಅನ್ನುತ್ತಿದ್ದ ಘಟನೆಗೆ 'ಟೀ ಪಾರ್ಟಿ' ಅನ್ನುವ ಹೆಸರು ಪುಸ್ತಕಗಳಲ್ಲಿ ಬಂದದ್ದು ಈ ಹೊತ್ತಿನಲ್ಲೇ.

ತೊಂಬತ್ತರ ಮುದುಕ ಅರವತ್ತು ವರ್ಷ ಹಿಂದಿನದನ್ನು ಹೇಳಿದರೆ ನಂಬುವುದು ಹೇಗೆ? ಪತ್ರಿಕೋದ್ಯಮ ಕಲಿತ ನಮಗೆ ಮೊದಲು ಹೊಳೆಯುವ ಪ್ರಶ್ನೆ ಇದೇ. ಇತಿಹಾಸಕಾರ ಆಲ್ಫ್ರೆಡ್ ಯಂಗ್ 1981ರಲ್ಲಿ ಒಂದು ಲೇಖನದಲ್ಲಿ, ನಂತರ 1999ರ ಪುಸ್ತಕದಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಹೊರಟ. ಚರ್ಚಿನ ದಾಖಲೆ, ತೆರಿಗೆ ಪಟ್ಟಿ, ಕೋರ್ಟಿನ ಕಾಗದ, ಜೈಲಿನ ದಾಖಲೆ, ಎಲ್ಲವನ್ನೂ ಹ್ಯೂಸ್‌ನ ಮಾತಿನ ಜೊತೆ ಹೋಲಿಸಿದ.

ತಪ್ಪುಗಳು ಸಿಕ್ಕವು. 1835ರಲ್ಲಿ ಹ್ಯೂಸ್‌ಗೆ ನೂರರ ಹತ್ತಿರ ಅಂತ ಎಲ್ಲರೂ ನಂಬಿದ್ದರು. ನಿಜವಾಗಿ ಇನ್ನೂ 93 ತುಂಬಿರಲಿಲ್ಲ. ಚಹಾ ಸುರಿಯುವಾಗ ಹ್ಯಾನ್‌ಕಾಕ್ ನನ್ನ ಪಕ್ಕದಲ್ಲೇ ಇದ್ದ ಅಂತ ಹ್ಯೂಸ್ ಹೇಳುತ್ತಿದ್ದ. ಅಂಥ ದೊಡ್ಡ ನಾಯಕ ಹಡಗು ಹತ್ತಿರಲಿಕ್ಕಿಲ್ಲ ಅನ್ನುತ್ತಾರೆ ಇತಿಹಾಸಕಾರರು. ಆದರೆ ಗುಂಡು ಹಾರಿದ ರಾತ್ರಿಯ ಬಗ್ಗೆ ಮುದುಕ ಹೇಳಿದ್ದು 1770ರ ಅವನದೇ ಸಾಕ್ಷಿ ಹೇಳಿಕೆಗೆ ಬಹಳಮಟ್ಟಿಗೆ ಹೊಂದುತ್ತಿತ್ತು. ಮನಸ್ಸಿಗೆ ತಟ್ಟಿದ್ದು ಅಚ್ಚೊತ್ತಿದಂತೆ ಉಳಿದಿತ್ತು.

ಹ್ಯಾನ್‌ಕಾಕ್ ವಿಷಯದ ತಪ್ಪು ಕೂಡ ಒಂದು ನಿಜ ಹೇಳುತ್ತದೆ. ಯೌವನದಲ್ಲಿ ಯಾರ ಮುಂದೆ ನಡುಗಿದನೋ ಅವನನ್ನು ಹ್ಯೂಸ್ ತನ್ನ ನೆನಪಿನಲ್ಲಿ ತನ್ನ ಪಕ್ಕಕ್ಕೆ ತಂದು ನಿಲ್ಲಿಸಿಕೊಂಡಿದ್ದ. ಇಬ್ಬರ ಮುಖಕ್ಕೂ ಅದೇ ಮಸಿ, ಇಬ್ಬರ ಕೈಗೂ ಅದೇ ಪೆಟ್ಟಿಗೆ. ಸ್ವಾತಂತ್ರ್ಯ ಹ್ಯೂಸ್‌ಗೆ ಮನೆ ಕೊಡಲಿಲ್ಲ, ಜಮೀನು ಕೊಡಲಿಲ್ಲ, ಬರಬೇಕಾದ ದುಡ್ಡೂ ಕೊಡಲಿಲ್ಲ. ನಾನು ಯಾರಿಗೂ ಕಡಿಮೆಯಲ್ಲ ಅನ್ನುವ ಒಂದು ಭಾವನೆ ಕೊಟ್ಟಿತು. ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳಲಾಗಲಿಲ್ಲ.

1840ರ ನವೆಂಬರ್ 5ರಂದು, 98ನೇ ವಯಸ್ಸಿನಲ್ಲಿ ಹ್ಯೂಸ್ ತೀರಿಕೊಂಡ. ಆ ರಾತ್ರಿ ಹಡಗು ಹತ್ತಿದವರು ನೂರಕ್ಕೂ ಹೆಚ್ಚು ಜನ. ಬಡಗಿಗಳು, ಕಸುಬು ಕಲಿಯುತ್ತಿದ್ದ ಹುಡುಗರು, ಕೂಲಿಗಳು. ಅವರಲ್ಲಿ ಹೆಚ್ಚಿನವರು ಏನೂ ಹೇಳದೆ ಹೋದರು. ಹ್ಯೂಸ್‌ನ ಕಥೆ ನಮಗೆ ಸಿಕ್ಕಿದ್ದು ಎರಡೇ ಕಾರಣಕ್ಕೆ: ಅವನು ಬಹಳ ದಿನ ಬದುಕಿದ, ಮತ್ತು ಯಾರೋ ಒಬ್ಬರು ಅವನ ಮುಂದೆ ಕೂತು ಕೇಳಿದರು.

ಇದನ್ನು ಓದುತ್ತಿರುವ ನಿಮ್ಮ ಮನೆಯ ಜಗಲಿಯಲ್ಲೂ ಒಬ್ಬರು ಕೂತಿರಬಹುದು. ಕೈಯಲ್ಲಿರುವ ಫೋನಿನಲ್ಲಿ ರೆಕಾರ್ಡ್ ಒತ್ತಿ, ಒಂದು ಪ್ರಶ್ನೆ ಕೇಳಿ ನೋಡಿ.